ಸಣ್ಣ ಪಾತ್ರೆಯ ಸೂಪು

ಜನವರಿ ಒಂದರ ಬೆಳಿಗ್ಗೆ ಏಳೂ ಕಾಲಿಗೆ ಸೊಸೆ ರೊಸೇನಾ ತಂದಿಟ್ಟ ಸೂಪಿನಲ್ಲಿ ಉಪ್ಪಿರಲಿಲ್ಲ.

ಕ್ಲೆರ್ವಿನಾ ಒಂದು ಚಮಚ ಬಾಯಿಗಿಟ್ಟು, ನುಂಗಿ, ಚಮಚವನ್ನು ಬಟ್ಟಲಿನ ಪಕ್ಕಕ್ಕೆ ಇಟ್ಟಳು. ಸಿಹಿಗುಂಬಳ ಹದವಾಗಿ ಬೆಂದು ಕರಗಿತ್ತು. ಮಾಂಸವನ್ನು ಹುಳಿಕಿತ್ತಳೆ ರಸದಲ್ಲಿ ತಿಕ್ಕಿ ತೊಳೆದಿದ್ದಳು, ಹಸಿ ವಾಸನೆಯ ಸುಳಿವೂ ಇರಲಿಲ್ಲ. ಲವಂಗವಿತ್ತು, ಎಲೆಕೋಸು, ಕ್ಯಾರೆಟ್ಟು, ಕೆಸುವಿನ ಗಡ್ಡೆ ಎಲ್ಲ ಇದ್ದವು. ಮೆಣಸಿನಕಾಯಿ ಒಡೆಯದೆ ತೇಲಿ ತನ್ನ ಘಮವನ್ನಷ್ಟೇ ಬಿಟ್ಟುಕೊಟ್ಟಿತ್ತು. ಬಟ್ಟಲು ಕೂಡ ಮನೆಯಲ್ಲಿದ್ದುದರಲ್ಲಿ ಒಳ್ಳೆಯದು, ಅಂಚಿಗೆ ನೀಲಿ ಹೂವಿನದು. ಅಡುಗೆಯ ಭರದಲ್ಲಿ ಉಪ್ಪು ಹಾಕಲು ಮರೆತ ಸೂಪು ಹೇಗಿರುತ್ತದೆಂದು ಆಕೆಗೆ ಗೊತ್ತಿತ್ತು. ಅದರಲ್ಲಿ ಮಾಂಸ ನೆನೆಸಿಟ್ಟ ಮಸಾಲೆಯ ಉಪ್ಪಾದರೂ ತುಸು ನಾಲಿಗೆಗೆ ಹತ್ತುತ್ತದೆ. ಇದರಲ್ಲಿ ಅದೂ ಇಲ್ಲ. ಇದು ಮರೆವಿನ ಕೆಲಸವಲ್ಲ.

"ಹೇಗಿದೆ ಅತ್ತೆ?" ಎಂದು ರೊಸೇನಾ ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿದಳು. ಹತ್ತಿರ ಬರಲಿಲ್ಲ.

"ಬಿಸಿ ಇದೆ," ಎಂದಳು ಕ್ಲೆರ್ವಿನಾ.

ಸೊಸೆ ಅಡುಗೆಮನೆಯೊಳಕ್ಕೆ ತಿರುಗಿ ಹೋದಳು. ಕ್ಲೆರ್ವಿನಾ ಬಟ್ಟಲಿನ ಮೇಲೆ ಒಂದು ತಟ್ಟೆ ಮುಚ್ಚಿಟ್ಟಳು. ಆರಾಧನೆ ಮುಗಿಸಿಕೊಂಡು ಚರ್ಚಿನವರು ಬರುವುದು ಹನ್ನೊಂದೂವರೆಗೆ. ಅಲ್ಲಿಯವರೆಗೆ ಇದು ಹೀಗೇ ಇರಲಿ ಎಂದು ತೀರ್ಮಾನಿಸಿದಳು.

ಆಕೆ ಬಿಸಿಲಿನ ದ್ವೀಪದ ತನ್ನ ಊರು ಕವಯೋನ್ ಬಿಟ್ಟು ಮಾಂಟ್ರಿಯಲ್‌ನ ಮಗನ ಮನೆಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಅಕ್ಟೋಬರಿನಲ್ಲಿ ಬಚ್ಚಲುಮನೆಯಲ್ಲಿ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ವೈದ್ಯರು ಮಗ ವಿಸ್ಲೆಯನ್ನು ಕಾರಿಡಾರಿಗೆ ಕರೆದು ಮಾತಾಡಿದರು. ಮೂವತ್ತು ವರ್ಷ ಮಕ್ಕಳಿಗೆ ಫ್ರೆಂಚ್ ಕಲಿಸಿದ ಮೇಷ್ಟ್ರಮ್ಮ ಆಕೆ. ವೈದ್ಯರು ಆಡಿದ ಒಂದೊಂದು ಮಾತೂ ಆಕೆಗೆ ತಿಳಿಯುತ್ತಿತ್ತು, ನಡುವೆ ಗಾಜಿನ ಬಾಗಿಲು ಇರದಿದ್ದರೆ. ಗಾಜಿನಾಚೆ ಮಗ ಮತ್ತೆ ಮತ್ತೆ ತಲೆಯಾಡಿಸುವುದು ಕಂಡಿತು. ಒಳಗೆ ಬಂದವನು, ಸುಸ್ತು ಅಷ್ಟೇ, ಪ್ರಯಾಣದ ಆಯಾಸ, ಎಂದ. ಎರಡು ಬಗೆಯ ಬಿಳಿ ಮಾತ್ರೆ ಕೊಟ್ಟು, ಇವು ಶಕ್ತಿಗೆ ಎಂದ.

ಮನೆಗೆ ಬಂದ ಮೇಲೆ ಊಟ ಸಪ್ಪೆಯಾಯಿತು. ಒಂದು ವಾರ ನೋಡಿ ಕ್ಲೆರ್ವಿನಾ ಮಗನನ್ನು ಕೇಳಿದಳು.

"ಇಲ್ಲಿ ಉಪ್ಪಿಗೆ ಜೋರಿಲ್ಲಮ್ಮ," ಎಂದ ವಿಸ್ಲೆ. "ಚಳಿ ದೇಶ ನೋಡು."

ಆಕೆ ಅದನ್ನು ನಂಬಿದಳು. ಈ ಊರಿನ ಮಾವಿಗೆ ಪರಿಮಳವಿಲ್ಲ, ಬಿಸಿಲಿಗೆ ಬಿಸಿಯಿಲ್ಲ, ಕೋಳಿಯ ಮೂಳೆ ಬೆರಳಲ್ಲೇ ಮುರಿಯುತ್ತದೆ. ಉಪ್ಪೊಂದು ಮಾತ್ರ ಯಾಕೆ ಖಡಕ್ಕಾಗಿರಬೇಕು?

ನವೆಂಬರಿನ ಒಂದು ಶನಿವಾರ ಕೆಳಮನೆಯ ಮದಾಮ್ ಟೆಲ್ಸಿ ಹಂದಿಮಾಂಸ ಕರಿದು, ಒಂದು ತಟ್ಟೆ ಹಿಡಿದು ಮೇಲೆ ಬಂದಳು. ಟೆಲ್ಸಿ ಎಲ್ಲರನ್ನೂ ಕೊಮೆ ಎಂದೇ ಕರೆಯುವವಳು. ಮಗುವಿನ ದೀಕ್ಷಾಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳಿಗೆ ಸಲ್ಲುವ ಹೆಸರು ಅದು. ಇಬ್ಬರ ನಡುವೆ ಅಂಥ ನಂಟೇನೂ ಇರಲಿಲ್ಲ. ಕ್ಲೆರ್ವಿನಾ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಉಪ್ಪು ನಾಲಿಗೆಯ ಎರಡೂ ಬದಿಗೆ ಹಿಡಿದು, ಕಣ್ಣಲ್ಲಿ ನೀರು ಬಂತು.

"ಈ ಉಪ್ಪು ಎಲ್ಲಿಂದ ತಂದೆ?"

"ಮೂಲೆ ಅಂಗಡಿಯಿಂದ. ಯಾಕೆ ಕೊಮೆ, ನಿನ್ ಸೊಸೆಗೆ ಸ್ವರ್ಗದಿಂದ ಬರುತ್ತಾ?"

ಕ್ಲೆರ್ವಿನಾ ಮಗ ಹೇಳಿದ್ದನ್ನು ಹೇಳಿದಳು. ಟೆಲ್ಸಿ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿದಳು. "ಉಪ್ಪಿಲ್ದೆ ಊಟ ಹಾಕೋದು ಯಾರಿಗೆ ಅಂತ ನಾನ್ ನಿನಗೆ ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಕವಯೋನ್‌ನಲ್ಲಿ ನಡೆಯಲು ಕಲಿತ ಮಗುವಿಗೂ ಅದು ಗೊತ್ತು. ಸತ್ತವನನ್ನು ಎಬ್ಬಿಸಿ ಹೊಲದ ಕೆಲಸಕ್ಕೆ ಹಚ್ಚುವ ಯಜಮಾನ ಅವನಿಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿ ಹಾಕುತ್ತಾನೆ, ಅದಕ್ಕೆ ಉಪ್ಪು ಬೀಳದಂತೆ ನೋಡಿಕೊಳ್ಳುತ್ತಾನೆ. ಒಂದು ಹರಳು ನಾಲಿಗೆಗೆ ತಾಗಿದರೂ ಹಾಗೆ ಎದ್ದ ಜೊಂಬಿಗೆ ತಾನು ಯಾರೆಂಬುದು ನೆನಪಾಗಿ, ಕುಡುಗೋಲು ಎಸೆದು ಮನೆಯ ದಾರಿ ಹಿಡಿಯುತ್ತದೆ. ಆ ಊರಿನವರ ಮಾತಿನಲ್ಲಿ ಉಪ್ಪು ತಿನ್ನುವುದೆಂದರೆ ಎಚ್ಚರಗೊಳ್ಳುವುದು, ಋಣದ ಮಾತೇ ಅಲ್ಲಿಲ್ಲ.

ಇವೆಲ್ಲ ಕಟ್ಟುಕತೆ ಎಂದು ಕ್ಲೆರ್ವಿನಾ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದಳು. ಈಗಲೂ ಆಕೆಯ ತಲೆ ಅದನ್ನೇ ಹೇಳುತ್ತಿತ್ತು. ಟೆಲ್ಸಿ ಹೊರಡುವ ಮುಂಚೆ ಚೀಟಿಯೊಂದರಲ್ಲಿ ಚಿಟಿಕೆ ಉಪ್ಪು ಕಟ್ಟಿ ಆಕೆಯ ಕೈಗಿತ್ತಳು. ಬೇಡವೆನ್ನಲು ಬಾಯಿ ಬರಲಿಲ್ಲ. ಅದನ್ನು ಕೈಚೀಲದ ಒಳಜೇಬಿಗೆ ಸೇರಿಸಿದಳು, ಆದರೆ ಒಂದು ದಿನವೂ ಬಿಚ್ಚಲಿಲ್ಲ. ಬಿಚ್ಚಿ ಊಟಕ್ಕೆ ಉದುರಿಸಿಕೊಂಡರೆ ನಂಬಿದಂತಾಗುತ್ತಿತ್ತು.

ಆದರೆ ಒಮ್ಮೆ ನೋಡಲು ಶುರುಮಾಡಿದ ಕಣ್ಣಿಗೆ ಎಲ್ಲವೂ ಕಂಡವು. ಒಲೆಯ ಹಿಂಬದಿಯ ಉರಿಯ ಮೇಲೆ ದಿನವೂ ಒಂದು ಸಣ್ಣ ಪಾತ್ರೆ. ಅದರ ಅಡುಗೆ ಆಕೆಗೊಬ್ಬಳಿಗೆ. ಊಟದ ಮೇಜಿನ ಮೇಲೆ ಉಪ್ಪಿನ ಕುಡಿಕೆ ಇಲ್ಲ; ಒಂದು ದಿನ ಹುಡುಕಿದರೆ ಅದು ಮೇಲಿನ ಬೀರುವಿನಲ್ಲಿ, ಹಿಟ್ಟಿನ ಡಬ್ಬದ ಹಿಂದೆ ಸಿಕ್ಕಿತು. ಉಪ್ಪನ್ನು ಯಾರಾದರೂ ಬಚ್ಚಿಡುತ್ತಾರೆಯೇ? ಗಂಡ ಹೆಂಡತಿ ಪಿಸುಮಾತಿನಲ್ಲಿ ಜಗಳವಾಡುತ್ತಿದ್ದರು, ಆಕೆ ಕೋಲು ಊರುವ ಸದ್ದು ಕೇಳಿದೊಡನೆ ಸುಮ್ಮನಾಗುತ್ತಿದ್ದರು. ಈಸ್ಟರ್ ಹೊತ್ತಿಗೆ ಊರಿಗೆ ಹೊರಡುತ್ತೇನೆಂದು ಹೇಳಿ ಪಾಸ್‌ಪೋರ್ಟು ಕೇಳಿದಾಗ, ಭದ್ರವಾಗಿ ಇಟ್ಟಿದ್ದೇನೆ ಎಂದ ವಿಸ್ಲೆ, ಎಲ್ಲಿ ಎಂದು ಹೇಳಲಿಲ್ಲ. ಊರಲ್ಲಿ ಬಂದೂಕು ಹಿಡಿದ ಪಡೆಗಳ ಕಾಟ, ವಿಮಾನಗಳೇ ಹೋಗುತ್ತಿಲ್ಲ ಎಂದು ಮಾತು ತಿರುಗಿಸಿದ.

ಆಕೆಗೆ ನಿಜವಾಗಿ ಹೆದರಿಕೆಯಾದದ್ದು ತನ್ನನ್ನು ನೋಡಿಕೊಂಡಾಗ. ಮಾತ್ರೆ ನುಂಗಿದ ಮೇಲೆ ಮಂಪರು ಕವಿಯುತ್ತಿತ್ತು. ಮಲಗಿ ಅತ್ತೆ ಎಂದರೆ ಮಲಗುತ್ತಿದ್ದಳು, ಏಳಿ ಎಂದರೆ ಏಳುತ್ತಿದ್ದಳು. ಡಿಸೆಂಬರಿನ ಒಂದು ಮಧ್ಯಾಹ್ನ ಒಗೆದ ಬಟ್ಟೆಗಳೆಲ್ಲ ಮಡಿಸಿ ಮುಗಿದಿದ್ದವು, ಕೊನೆಯ ಟವೆಲು ಆಕೆಯ ಕೈಯಲ್ಲಿತ್ತು. ಮಡಿಸಲು ಕೂತದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಡಿಸೆಂಬರ್ ಮೂವತ್ತೊಂದರಂದು ಸೂಪಿಗೆ ತಾನೇ ನಿಲ್ಲುತ್ತೇನೆಂದು ಕ್ಲೆರ್ವಿನಾ ತೋಳೇರಿಸಿಕೊಂಡು ಹೋದಳು. ಕವಯೋನ್‌ನಲ್ಲಿ ಆಕೆಯ ಹಂಡೆಯ ಸೂಪು ಇಡೀ ಬೀದಿಗೆ ಸಾಲುತ್ತಿತ್ತು. ನೀವು ಆರಾಮಾಗಿರಿ ಅತ್ತೆ ಎಂದು ರೊಸೇನಾ ನಯವಾಗಿ ಹೊರಗೆ ಕಳಿಸಿ, ಹೊಗೆ ಬರುತ್ತದೆಂದು ಬಾಗಿಲು ಹಾಕಿಕೊಂಡಳು. ಸಂಜೆ ನೀರಿಗೆಂದು ಫ್ರಿಜ್ ತೆರೆದಾಗ ಒಳಗೆ ಎರಡು ಬೋಗುಣಿಯಲ್ಲಿ ಮಾಂಸ ನೆನೆಸಿಟ್ಟಿತ್ತು. ಒಂದು ದೊಡ್ಡದು. ಇನ್ನೊಂದು ಅಂಗೈಯಗಲದ್ದು, ಬೇರೆಯಾಗಿ ಮುಚ್ಚಿಟ್ಟಿದ್ದು.

ಬೇರೆ ದಿನದ ಊಟವಾಗಿದ್ದರೆ ಆಕೆ ಇನ್ನಷ್ಟು ದಿನ ಸುಮ್ಮನಿರುತ್ತಿದ್ದಳೇನೋ. ಆದರೆ ಇದು ಕುಂಬಳದ ಜುಮು ಸೂಪು. ಗುಲಾಮರನ್ನಿಟ್ಟುಕೊಂಡಿದ್ದ ಧಣಿಗಳ ಕಾಲದಲ್ಲಿ ಕುಂಬಳ ಬೆಳೆದವರೂ ಅದನ್ನು ಬೇಯಿಸಿದವರೂ ಆಕೆಯ ಹಿರಿಯರೇ, ಕುಡಿಯುವ ಹಕ್ಕು ಮಾತ್ರ ಅವರಿಗಿರಲಿಲ್ಲ. ಬಿಡುಗಡೆಯಾದ ಜನವರಿ ಒಂದರಂದು ಎಲ್ಲರೂ ಒಂದೇ ಹಂಡೆಯಿಂದ ಕುಡಿದರು. ಎರಡು ಶತಮಾನ ದಾಟಿದರೂ ಆ ದಿನ ಯಾರಿಗೂ ಬೇರೆ ಪಾತ್ರೆ ಇಡುವುದಿಲ್ಲ. ನಾಳೆಯೂ ತನ್ನ ಬಟ್ಟಲು ಸಣ್ಣ ಪಾತ್ರೆಯಿಂದಲೇ ಬಂದರೆ ಎಲ್ಲರ ಮುಂದೆ ಕೇಳಿಬಿಡುವುದು ಎಂದು ಆಕೆ ನಿಶ್ಚಯಿಸಿದಳು. ಯಾಕೆಂದರೆ ಕೇಳುವ ಶಕ್ತಿ ಇನ್ನೆಷ್ಟು ದಿನ ಇರುತ್ತದೋ ಆಕೆಗೆ ಖಾತ್ರಿ ಇರಲಿಲ್ಲ.

ಹನ್ನೊಂದೂವರೆಗೆ ಬಾಗಿಲ ಬಳಿ ಹಿಮದ ಬೂಟುಗಳು ರಾಶಿಬಿದ್ದವು. ಚರ್ಚಿನ ಹಿರಿಯ ಪ್ರೆವಿಲ್ ಮತ್ತು ಹೆಂಡತಿ, ಗಾಯನ ತಂಡದವರು, ಅವರ ಮಕ್ಕಳು, ಕೆಳಗಿನಿಂದ ಟೆಲ್ಸಿ. ರೊಸೇನಾಳ ಸೂಪಿಗೆ ಚರ್ಚಿನಲ್ಲಿ ಹೆಸರಿತ್ತು, ಅದನ್ನು ನಂಬಿ ಕೆಲವರು ಮನೆಯಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ. ಹೋದ ವರ್ಷ ಡಬ್ಬದ ಕುಂಬಳ ಬಳಸಿ ಸಿಕ್ಕಿಬಿದ್ದ ಹೆಂಗಸಿನ ಮನೆಗೆ ಈ ವರ್ಷ ಯಾರೂ ಹೋಗಲಿಲ್ಲ ಎಂದು ಟೆಲ್ಸಿ ಖುಷಿಯಿಂದ ವರದಿ ಒಪ್ಪಿಸಿದಳು. ರೊಸೇನಾ ಎಲ್ಲರಿಗೂ ಬಟ್ಟಲು ಕೊಟ್ಟು, ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತ ನಿಂತಳು.

ಪ್ರೆವಿಲ್ ಪ್ರಾರ್ಥನೆ ಮುಗಿಸಿದರು. ಚಮಚಗಳು ಮೇಲೆದ್ದವು. ಕ್ಲೆರ್ವಿನಾ ಬಟ್ಟಲಿನ ಮೇಲಿನ ತಟ್ಟೆ ತೆಗೆದಳು.

"ರೊಸೇನಾ, ಬಾ ಇಲ್ಲಿ. ಇದ್ರಲ್ಲಿ ಒಂದು ಚಮಚ ನೀನು ಕುಡಿ."

ಆಕೆ ದನಿ ಏರಿಸಲಿಲ್ಲ, ತರಗತಿಯ ಹಿಂದಿನ ಬೆಂಚಿಗೂ ಕೇಳಿಸುವ ಹಾಗೆ ಹೇಳಿದಳು, ಅಷ್ಟೆ. ಬಡಿಸಿದ ಕೈಗೆ ಮೊದಲು ನೀನು ರುಚಿ ನೋಡು ಎನ್ನುವುದರ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅದಕ್ಕೆ ಒಂದೇ ಅರ್ಥ. ಗಾಯನ ತಂಡದ ಹೆಂಗಸೊಬ್ಬಳು ಮಗುವಿನ ಬಾಯಿಯ ಮುಂದಿದ್ದ ಚಮಚವನ್ನು ಹಿಂದಕ್ಕೆಳೆದುಕೊಂಡಳು. ಪ್ರೆವಿಲ್ ತಮ್ಮ ಬಟ್ಟಲನ್ನು ಯಾರಿಗೂ ಕಾಣದಂತೆ ನಾಲ್ಕು ಬೆರಳು ಆಚೆ ಸರಿಸಿದರು. ಟೆಲ್ಸಿ ಮಾತ್ರ ಕುತ್ತಿಗೆ ಮುಂದೆ ಚಾಚಿ ಕೂತಳು.

"ಅಮ್ಮ, ಏನಿದು," ಎನ್ನುತ್ತ ವಿಸ್ಲೆ ಬಟ್ಟಲಿಗೆ ಕೈ ಹಾಕಿದ.

"ನೀನಲ್ಲ. ಬಡಿಸಿದೋಳು."

ರೊಸೇನಾ ಬಂದಳು. ಚಮಚ ಮುಟ್ಟಲೇ ಇಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ತಣ್ಣಗಾಗಿ ಕೆನೆಗಟ್ಟಿದ್ದ ಸೂಪನ್ನು ನಿಂತಲ್ಲೇ ಪೂರ್ತಿ ಕುಡಿದಳು. ಖಾಲಿ ಬಟ್ಟಲನ್ನು ಅತ್ತೆಯ ಮುಂದೆ ಬೋರಲು ಹಾಕಿದಳು.

"ಉಪ್ಪಿಲ್ಲ," ಎಂದಳು. "ಅಕ್ಟೋಬರಿಂದ ಇಲ್ಲ. ಯಾಕೆ ಅಂತ ನಿಮ್ ಮಗನ್ನ ಕೇಳಿ. ಮೊದಲನೇ ದಿನದಿಂದ ಬಡ್ಕೋತಾ ಇದೀನಿ, ಹೇಳಿಬಿಡು, ಹೇಳಿಬಿಡು ಅಂತ."

ಎಲ್ಲರೂ ವಿಸ್ಲೆಯ ಕಡೆ ತಿರುಗಿದರು. ಅವನು ಚರ್ಚಿನವರ ಮುಂದೆ ಬೇಡವೆಂದ. ಇವರ ಮುಂದೆಯೇ ಎಂದಳು ತಾಯಿ. ಅವನು ನೆಲ ನೋಡುತ್ತ ಹೇಳಿದ. ಆ ದಿನ ಆಕೆಯ ರಕ್ತದೊತ್ತಡ ಇನ್ನೂರಿಪ್ಪತ್ತು ಮುಟ್ಟಿತ್ತು. ತಲೆಯೊಳಗೆ ಸಣ್ಣ ನಾಳವೊಂದು ಸೋರಿತ್ತು. ಇನ್ನೊಮ್ಮೆ ಹಾಗಾದರೆ ಮಾತು ಹೋಗಬಹುದು, ಜೀವವೂ ಹೋಗಬಹುದು, ಉಪ್ಪು ಮುಟ್ಟಿಸಬೇಡಿ ಎಂದಿದ್ದರು ವೈದ್ಯರು. ಮಾತ್ರೆಗಳೂ ಅದಕ್ಕೇ, ಮಂಪರು ಆ ಮಾತ್ರೆಗಳದ್ದು.

"ಹೇಳಿದ್ರೆ ನೀನು ಊಟ ಬಿಡ್ತಿದ್ದೆ," ಎಂದ. "ಸಾಯೋದಾದ್ರೆ ನಮ್ಮೂರಲ್ಲೇ ಸಾಯ್ತೀನಿ ಅಂತ ಹೊರಟುಬಿಡ್ತಿದ್ದೆ."

"ಪಾಸ್‌ಪೋರ್ಟು?"

"ಅದೂ ಅದಕ್ಕೇನೇ."

ಕ್ಲೆರ್ವಿನಾ ನವೆಂಬರಿನಿಂದ ಕೂಡಿಟ್ಟ ಅನುಮಾನವೆಲ್ಲ ಒಂದೇ ಏಟಿಗೆ ಸುಳ್ಳಾಗಿತ್ತು. ಆದರೂ ಎದೆಯ ಭಾರ ಇಳಿಯಲಿಲ್ಲ.

"ತಲೆ ನನ್ನದು, ರಕ್ತ ನನ್ನದು," ಎಂದಳು. "ನಾನೇನು ತಿನ್ಬೇಕು, ಎಲ್ಲಿರ್ಬೇಕು ಅನ್ನೋದನ್ನ ನನಗೇ ಹೇಳದೆ ನೀನು ನಡೆಸಿಬಿಟ್ಟೆ. ಹಾಗೆ ಇಟ್ಕೊಂಡಿರೋರಿಗೆ ನಮ್ಮೂರಲ್ಲಿ ಏನಂತಾರೆ ವಿಸ್ಲೆ?"

ವಿಸ್ಲೆ ಕವಯೋನ್‌ನಲ್ಲೇ ಹುಟ್ಟಿ ಬೆಳೆದವನು. ಜೊಂಬಿಯ ಯಜಮಾನನ ಕತೆ ಅವನಿಗೂ ಗೊತ್ತಿತ್ತು.

ಆಗ ಕ್ಲೆರ್ವಿನಾಳ ಕಣ್ಣು ಮೇಜಿನ ಮೇಲೆ ಹೋಯಿತು. ವಿಷಯ ಬಯಲಾಗಿದ್ದರೂ ಯಾರೂ ಚಮಚ ಎತ್ತಿರಲಿಲ್ಲ. ಒಮ್ಮೆ ಸಂಶಯ ಬಿದ್ದ ಬಟ್ಟಲನ್ನು ಎತ್ತಲು ಯಾರ ಕೈಗೂ ಧೈರ್ಯವಿಲ್ಲ. ಎಲ್ಲರ ಮುಂದೆಯೂ ಸೂಪು ಆರುತ್ತಿತ್ತು. ರೊಸೇನಾ ಅಡುಗೆಮನೆಯ ಬಾಗಿಲಲ್ಲಿ, ತುಂಬಿದ ದೊಡ್ಡ ಹಂಡೆಗೆ ಬೆನ್ನು ಹಾಕಿ ನಿಂತಿದ್ದಳು. ಜನವರಿ ಒಂದರಂದು ಸೂಪು ಉಳಿದ ಮನೆಯ ಕತೆ ಈಸ್ಟರ್‌ವರೆಗೂ ಬಾಯಿಂದ ಬಾಯಿಗೆ ಓಡಾಡುತ್ತದೆ. ಟೆಲ್ಸಿ ಇರುವ ಮನೆಯದ್ದಾದರೆ ಅದಕ್ಕಿಂತ ಹೆಚ್ಚು.

ಮಗ ಮಾಡಿದ್ದಕ್ಕೆ ಸೊಸೆಯ ಮಾನ ತೆಗೆದಿದ್ದೇನೆ ಎಂಬುದು ಕ್ಲೆರ್ವಿನಾಗೆ ಹೊಳೆಯಿತು. ಮಾತಿನಲ್ಲಿ ಸರಿಪಡಿಸುವಂಥದ್ದಾಗಿರಲಿಲ್ಲ ಅದು.

ಆಕೆ ಕೋಲು ಊರಿ ಎದ್ದಳು. ಬೋರಲು ಬಿದ್ದಿದ್ದ ಬಟ್ಟಲನ್ನು ಎತ್ತಿಕೊಂಡು ರೊಸೇನಾಳ ಪಕ್ಕದಿಂದ ಒಳಗೆ ಹೋಗಿ, ಹಂಡೆಯ ಮುಚ್ಚಳ ಸರಿಸಿ, ಸೌಟಿನಿಂದ ಬಡಿಸಿಕೊಂಡಳು. ಒಂದು ಸೌಟು ಪೂರ್ತಿ, ಎರಡನೆಯದರಲ್ಲಿ ಅರ್ಧ ವಾಪಸು ಸುರಿದಳು. ಹೊರಗೆ ತಂದು, ಎಲ್ಲರಿಗೂ ಕಾಣುವ ಹಾಗೆ ನಿಂತಳು.

"ಅಮ್ಮ, ಅದ್ರಲ್ಲಿ ಉಪ್ಪಿದೆ," ಎಂದ ವಿಸ್ಲೆ.

"ಗೊತ್ತು. ಎಷ್ಟು ಹಾಕ್ಕೋಬೇಕು ಅಂತ ನೋಡ್ಕೊಂಡೇ ಹಾಕ್ಕೊಂಡಿದೀನಿ. ಇವತ್ತಿಗೆ ಇಷ್ಟೇ."

ಕುಡಿದಳು. ಉಪ್ಪು ಮೊದಲು ತುಟಿಗೆ, ಆಮೇಲೆ ನಾಲಿಗೆಯ ಬದಿಗೆ ಹತ್ತಿತು. ಅದರ ಹಿಂದೆಯೇ ಕುಂಬಳದ ಸಿಹಿ, ಮಾಂಸದ ಗಟ್ಟಿ ರುಚಿ, ನಿಂಬೆಯ ಹುಳಿ ಒಂದೊಂದಾಗಿ ಬಾಯಿಗೆ ಬಂದವು. ಬೆಳಿಗ್ಗೆ ಇವೆಲ್ಲ ಅದೇ ಬಟ್ಟಲಲ್ಲಿದ್ದೂ ಒಂದಕ್ಕೊಂದು ಪರಿಚಯವಿಲ್ಲದವರ ಹಾಗೆ ಇದ್ದವು. ತನ್ನ ಕೈಯ ಸೂಪಿಗಿಂತ ಇದು ಚೆನ್ನಾಗಿದೆ ಎನಿಸಿತು. ಆ ಮಾತನ್ನು ಹೇಳಲು ಆಕೆಗೆ ಮನಸ್ಸಾಗಲಿಲ್ಲ.

"ಹಿರಿಯರೇ," ಎಂದಳು ಪ್ರೆವಿಲ್ ಕಡೆ ತಿರುಗಿ, "ಮಾಂಸ ಚೆನ್ನಾಗಿ ತೊಳೆದಿದಾಳೆ. ಆರೋಕೆ ಬಿಡ್ಬೇಡಿ."

ಪ್ರೆವಿಲ್ ಬಟ್ಟಲನ್ನು ಹತ್ತಿರ ಎಳೆದುಕೊಂಡು ಒಂದು ಚಮಚ ಕುಡಿದರು, ಇನ್ನೊಂದು ಕುಡಿದರು. ಅವರ ಹೆಂಡತಿ ಬ್ರೆಡ್ಡು ಮುರಿದಳು. ಹಿಂದಕ್ಕೆ ಹೋಗಿದ್ದ ಚಮಚ ಮಗುವಿನ ಬಾಯಿಗೆ ಬಂತು. ಸ್ವಲ್ಪ ಹೊತ್ತಿಗೆ ಯಾರೋ ಬಿಸಿ ಮಾಡಿ ಕೊಡೆಂದು ರೊಸೇನಾಳನ್ನು ಕೇಳಿದರು, ಇನ್ಯಾರೋ ಎರಡನೇ ಸಲ ಬಟ್ಟಲು ಚಾಚಿದರು.

ಕ್ಲೆರ್ವಿನಾ ಕೈಚೀಲದ ಒಳಜೇಬಿನಿಂದ ಚೀಟಿ ತೆಗೆದು ಟೆಲ್ಸಿಯ ಮುಂದಿಟ್ಟಳು.

"ಇದನ್ನ ನೀನೇ ಇಟ್ಕೋ ಕೊಮೆ. ನಿನ್ನ ಹಂದಿಮಾಂಸಕ್ಕೆ ಬೇಕಾಗುತ್ತೆ."

ಟೆಲ್ಸಿ ಚೀಟಿಯನ್ನು ನೋಡಿದಳು, ಆಚೆ ಈಚೆ ನೋಡಿದಳು, ತಲೆ ತಗ್ಗಿಸಿ ಸೂಪು ಕುಡಿಯಲು ಶುರುಮಾಡಿದಳು.

ಒಂದೂವರೆಗೆ ಹಂಡೆ ಖಾಲಿಯಾಯಿತು. ಎಲ್ಲರೂ ಹೋದ ಮೇಲೆ ರೊಸೇನಾ ಪಾತ್ರೆ ತೊಳೆಯಲು ನಿಂತಳು. ಕ್ಲೆರ್ವಿನಾ ಪಕ್ಕದಲ್ಲಿ ಹೋಗಿ ನಿಂತರೂ ಅವಳು ತಿರುಗಿ ನೋಡಲಿಲ್ಲ. ತಪ್ಪಾಯಿತು ಎನ್ನುವುದು ಮುದುಕಿಯ ಬಾಯಿಗೆ ಬಂದು, ಅಲ್ಲೇ ನಿಂತಿತ್ತು. ಕೊನೆಗೆ ರೊಸೇನಾಳೇ ಒರೆಸುವ ಬಟ್ಟೆಯನ್ನು ಅತ್ತೆಯ ಕಡೆ ಎಸೆದಳು.

"ನಿಮಗೆ ವಿಷ ಹಾಕೋ ಹಾಗಿದ್ರೆ ಅತ್ತೆ, ಅದಕ್ಕೆ ಅಷ್ಟೊಂದು ಲವಂಗ ದಂಡ ಮಾಡ್ತಿರ್ಲಿಲ್ಲ."

"ಲವಂಗ ಒಂಚೂರು ಜಾಸ್ತೀನೇ ಆಗಿತ್ತು," ಎಂದಳು ಕ್ಲೆರ್ವಿನಾ, ಬಟ್ಟಲು ಒರೆಸುತ್ತ. ತಪ್ಪು ತನ್ನದು ಎಂದೂ ಹೇಳಿದಳು. ರೊಸೇನಾ ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಆ ಸಂಜೆ ಉಪ್ಪಿನ ಕುಡಿಕೆ ಬೀರುವಿನಿಂದ ಇಳಿದು ಮೇಜಿನ ಮೇಲೆ ಬಂತು. ವಿಸ್ಲೆ ಪಾಸ್‌ಪೋರ್ಟು ತಂದು ತಾಯಿಯ ಕೈಗೆ ಕೊಟ್ಟ, ಆಕೆ ಅದನ್ನು ಚೀಟಿ ಇದ್ದ ಜೇಬಿನಲ್ಲೇ ಇಟ್ಟುಕೊಂಡಳು. ರಾತ್ರಿಯ ಊಟ ಸಣ್ಣ ಪಾತ್ರೆಯಿಂದಲೇ ಬಂತು. ಕುಡಿಕೆ ಕೈಗೆಟಕುವಷ್ಟು ಹತ್ತಿರವಿತ್ತು. ಕ್ಲೆರ್ವಿನಾ ಅದನ್ನು ಒಮ್ಮೆ ನೋಡಿ, ಮುಟ್ಟದೆ ಊಟ ಮಾಡಿದಳು.

ಹೊಸ ವರ್ಷದ ರಜೆ ಮುಗಿದು ಬುಧವಾರ ಕ್ಲಿನಿಕ್ ತೆರೆಯಿತು. ನರ್ಸ್ ಕ್ಲೆರ್ವಿನಾಳ ತೋಳಿಗೆ ಪಟ್ಟಿ ಸುತ್ತಿ, ಬಂದ ಅಂಕಿಯನ್ನು ಆಕೆಗೇ ಹೇಳಿದಳು. ವಿಸ್ಲೆ ಹೊರಗೆ ಕಾರಿಡಾರಿನಲ್ಲಿ ಕೂತಿದ್ದ.